ಹಳೆಯ ಸೇಬಿನ ಮರಕ್ಕೆ ಹಾರೈಕೆ: ಸಾಮರ್ಸೆಟ್ಟಿನ ಒಂದು ವಾಸೇಲ್ ಸಂಜೆ

ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಒಂದು ಸೇಬಿನ ತೋಟದಲ್ಲಿ ಜನವರಿ 17ರ ಸಂಜೆ ನಡೆದ ವಾಸೇಲ್ ಆಚರಣೆಗೆ ನಾವು ಮನೆಮಂದಿಯೆಲ್ಲ ಟಿಕೆಟ್ ಕೊಂಡು ಹೋಗಿದ್ದೆವು. ವಾಸೇಲ್ ಎಂಬ ಮಾತಿನ ಮೂಲಾರ್ಥ 'ಆರೋಗ್ಯವಾಗಿರು' ಎಂದು. ಬರುವ ಹಂಗಾಮಿನಲ್ಲಿ ಚೆನ್ನಾಗಿ ಫಲ ಕೊಡಲೆಂದು ಎಲೆಯುದುರಿಸಿ ನಿಂತ ಮರಕ್ಕೆ ಇಲ್ಲಿ ಹಾಗೆ ಹಾರೈಸುತ್ತಾರೆ. ಕ್ರಿಸ್ಮಸ್ಸಿನ ಹನ್ನೆರಡನೆಯ ರಾತ್ರಿಯೆಂದು ಹಲವು ಕಡೆ ಇದನ್ನು ಜನವರಿ 5 ಅಥವಾ 6ರಂದು ಮಾಡುತ್ತಾರಾದರೂ, 1752ರಲ್ಲಿ ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬದಲಾಗಿ 11 ದಿನಗಳು ಲೆಕ್ಕದಿಂದ ಬಿಟ್ಟುಹೋದ ಮೇಲೂ ಹಳೆಯ ದಿನವನ್ನೇ ಹಿಡಿದುಕೊಂಡ ಕಾರ್‌ಹ್ಯಾಂಪ್ಟನ್‌ನಂಥ ಹಳ್ಳಿಗಳು 17ನ್ನೇ ಪಾಲಿಸುತ್ತವೆ. ನಾವು ಹೋದ ತೋಟವೂ ಆ ಲೆಕ್ಕದ್ದೇ.

ಈ ತೋಟದವರು ಮರವನ್ನೇ ಮುಂದಿಟ್ಟುಕೊಂಡು ಸಂಜೆಯನ್ನು ನಡೆಸಿದರು ಎಂಬುದು ನನಗೆ ತುಂಬ ಹಿಡಿಸಿತು. ಊಟದ ಅಂಗಡಿಗಳನ್ನು ತೆರೆಯುವ ಮೊದಲೇ ಎಲ್ಲರನ್ನೂ ಪಂಜಿನ ಬೆಳಕಿನಲ್ಲಿ ತೋಟದ ಅತಿ ಹಳೆಯ ಮರದ ಬಳಿಗೆ ಕರೆದೊಯ್ದರು. ವಾಸೇಲ್ ರಾಣಿಯಾಗಿದ್ದ ಹುಡುಗಿಯನ್ನು ಇಬ್ಬರು ಮೇಲೆತ್ತಿ ಹಿಡಿದಾಗ, ಅವಳು ಸೈಡರ್‌ನಲ್ಲಿ, ಅಂದರೆ ಸೇಬಿನ ಮದ್ಯದಲ್ಲಿ, ಅದ್ದಿದ ಸುಟ್ಟ ಬ್ರೆಡ್ಡಿನ ತುಂಡನ್ನು ಕೊಂಬೆಯ ಕವಲಿನಲ್ಲಿ ಸಿಕ್ಕಿಸಿದಳು. ಅದರಿಂದ ತೊಟ್ಟಿಕ್ಕಿದ ಹನಿಗಳು ತೊಗಟೆಯ ಬೂದುಬಣ್ಣದ ಕಲ್ಲುಹೂವಿನ ಮೇಲೆ ಇಳಿಯುವುದು ಪಂಜಿನ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಬ್ರೆಡ್ಡು ರಾಬಿನ್ ಹಕ್ಕಿಗೆ, ಹಕ್ಕಿಯೇ ಮರವನ್ನು ಕಾಯುವ ಒಳ್ಳೆಯ ಶಕ್ತಿ ಎಂಬ ನಂಬಿಕೆ. ಬಳಿಕ ಬುಡಕ್ಕೆ ಸೈಡರ್ ಸುರಿದರು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದ ನಮ್ಮಜ್ಜನ ನೆನಪಾಗಿ ನಾನು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆ.

ಕೆಟ್ಟ ಶಕ್ತಿಗಳನ್ನು ಓಡಿಸಲು ಸದ್ದು ಮಾಡಬೇಕಾದ್ದರಿಂದ ಪಾತ್ರೆಗಳನ್ನು ತರುವಂತೆ ಮೊದಲೇ ತಿಳಿಸಿದ್ದರು. ನಾವು ಒಯ್ದಿದ್ದು ಸ್ಟೀಲ್ ತಟ್ಟೆ ಮತ್ತು ಸೌಟು. ಅದರ ದನಿಗೆ ಮನಸೋತ ಪಕ್ಕದ ಅಜ್ಜಿಯೊಬ್ಬರು ತಮ್ಮ ಪಾತ್ರೆಯ ಮುಚ್ಚಳವನ್ನು ನನ್ನ ಕೈಗಿತ್ತು, ತಟ್ಟೆಯನ್ನು ಇಸಿದುಕೊಂಡು ಅದೇ ಸದ್ದಿಗಾಗಿ ಕೋವಿಗಳನ್ನು ಹಾರಿಸುವವರೆಗೂ ಬಡಿಯುತ್ತಲೇ ಇದ್ದರು.

ಆದರೆ ಹಾಡಿನ ಹೊತ್ತಿಗೆ ಧ್ವನಿವರ್ಧಕ ಹಾಕಿದ್ದು ದೊಡ್ಡ ತಪ್ಪು. ಮರದ ಸುತ್ತ ನಿಂತ ನೂರಾರು ಜನ ತಮ್ಮ ಗಂಟಲಿನಿಂದಲೇ ಹಾಡಬೇಕಾದ ಹಾಡು ಪೆಟ್ಟಿಗೆಯೊಳಗಿನ ಒಂದೇ ದನಿಯಲ್ಲಿ ಮುಳುಗಿಹೋಯಿತು, ಎರಡನೆಯ ಸುತ್ತಿಗೆ ಬಹಳಷ್ಟು ಜನ ಬಾಯಿ ಮುಚ್ಚಿಕೊಂಡರು. ಮುಂದಿನ ವರ್ಷ ಇದನ್ನು ಕೈಬಿಡಬೇಕೆಂದು ಆಯೋಜಕರಿಗೆ ಬರೆದಿದ್ದೇನೆ. ವಾಹನ ನಿಲ್ಲಿಸುವ ಜಾಗದಿಂದ ತೋಟದವರೆಗಿನ ಕೆಸರು ದಾರಿಯಲ್ಲಿ ಒಂದು ದೀಪವೂ ಇರಲಿಲ್ಲ.

ಚಕ್ಕೆ, ಲವಂಗ ಹಾಕಿ ಕಾಯಿಸಿದ ಸೈಡರ್ ಸೊಗಸಾಗಿತ್ತು. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್‌ನಂಥ ಸಾಮರ್ಸೆಟ್ಟಿನ ಸೇಬುಗಳನ್ನು ಬೆಳೆಯುವುದು ತಿನ್ನುವುದಕ್ಕಲ್ಲ, ಸೈಡರ್‌ಗಾಗಿಯೇ. ಅವುಗಳ ಒಗರು ಬಿಸಿ ಲೋಟದಲ್ಲಿ ಚೆನ್ನಾಗಿ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಹುದುಗಿಸಿದ ಮದ್ಯವಾದ್ದರಿಂದ ಮಕ್ಕಳಿಗೆ ಬಿಸಿ ಸೇಬಿನ ರಸವನ್ನೇ ಕೇಳಿ ಪಡೆಯಿರಿ. ಅದನ್ನೂ ಅಷ್ಟೇ ಮುತುವರ್ಜಿಯಿಂದ ಮಾಡಿದ್ದರು. ಹೋಗುವವರು ಮೊಣಕಾಲುದ್ದದ ರಬ್ಬರ್ ಬೂಟು, ಟಾರ್ಚು ಮತ್ತು ಮನೆಯ ಸ್ಟೀಲ್ ತಟ್ಟೆಗಳನ್ನು ಮರೆಯಬಾರದು, ತಟ್ಟೆ ಎರಡಿದ್ದರೆ ಒಳ್ಳೆಯದು.