ಬಾಬ್ ಗ್ರಹಾಂ ರೌಂಡ್‌ಗೆ ತಯಾರಿ: ಒಂದೇ ಗುಡ್ಡದ ಏರಿಳಿತವೋ, ಹಾದಿಯ ಮೇಲಿನ ದೀರ್ಘ ಓಟವೋ?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿರುವ ಕೆಸ್ವಿಕ್ ಪಟ್ಟಣದ ಮೂಟ್ ಹಾಲ್‌ನಿಂದ ಹೊರಟು, 42 ಶಿಖರಗಳನ್ನು ಮುಟ್ಟಿ, 24 ಗಂಟೆಗಳೊಳಗೆ ಅಲ್ಲಿಗೇ ಮರಳಬೇಕೆಂಬುದು ಬಾಬ್ ಗ್ರಹಾಂ ರೌಂಡ್ ಎಂಬ ಬೆಟ್ಟದ ಓಟದ ಸವಾಲಿನ ಷರತ್ತು. ದೂರ ಸುಮಾರು 106 ಕಿ.ಮೀ., ಒಟ್ಟು ಏರು ಸುಮಾರು 8,200 ಮೀಟರ್, ಇಳಿಯುವುದೂ ಅಷ್ಟೇ. 1932ರಲ್ಲಿ ಬಾಬ್ ಗ್ರಹಾಂ ಇದನ್ನು 23 ಗಂಟೆ 39 ನಿಮಿಷಗಳಲ್ಲಿ ಮುಗಿಸಿದ ಮೇಲೆ ಇನ್ನೊಬ್ಬರು ಪೂರೈಸಿದ್ದು 1960ರಲ್ಲಿ.

ಇದಕ್ಕಾಗಿ ನಾನು ಎರಡು ಕ್ರಮಗಳನ್ನು ಅನುಸರಿಸಿ ನೋಡಿದೆ. ಕೆಲಸದ ದಿನಗಳ ಸಂಜೆ ಮನೆಯ ಹತ್ತಿರದ ಕಡಿದಾದ ಗುಡ್ಡವೊಂದನ್ನು ಮತ್ತೆ ಮತ್ತೆ ಹತ್ತಿಳಿಯುವುದು ಮೊದಲನೆಯದು. ವಾರಾಂತ್ಯದಲ್ಲಿ ರೌಂಡ್‌ನ ಐದು ಭಾಗಗಳಲ್ಲಿ ಒಂದನ್ನು ಆರಿಸಿಕೊಂಡು ನಿಜವಾದ ಹಾದಿಯಲ್ಲೇ ಓಡುವುದು ಎರಡನೆಯದು.

ಉಸಿರನ್ನೂ ಮೀನಖಂಡವನ್ನೂ ಗಟ್ಟಿ ಮಾಡುವುದರಲ್ಲಿ ಮೊದಲ ಕ್ರಮಕ್ಕೆ ಸಾಟಿಯಿಲ್ಲ. ಅಲ್ಪ ಸಮಯದಲ್ಲಿ ಹೆಚ್ಚು ಎತ್ತರ ಏರಬಹುದು, ಪ್ರಗತಿಯನ್ನು ಗಡಿಯಾರದಲ್ಲೇ ಅಳೆಯಬಹುದು. ಇಳಿಜಾರು ಮಾತ್ರ ಬೇರೆಯೇ ಪಾಠ ಕಲಿಸುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಅವುಗಳಿಗೆ ಆಗುವ ಪೆಟ್ಟು ಏರಿನಲ್ಲಿ ಆಗುವುದಕ್ಕಿಂತ ಬಹಳ ಹೆಚ್ಚು. ಆದರೆ ಮುಂಚೆಯೇ ಇಂಥ ಪೆಟ್ಟು ತಿಂದ ಸ್ನಾಯು ಮುಂದಿನ ಸಲ ಕಡಿಮೆ ನೋಯುತ್ತದೆ. ಪರಿಚಿತವಾದ ಹುಲ್ಲಿನ ಇಳಿಜಾರಿನಲ್ಲಿ ತೊಡೆ ಈ ಸಹನೆಯನ್ನು ಭಾಗಶಃ ಪಡೆಯುತ್ತದೆ. ಆದರೆ ಸ್ಕಾಫೆಲ್ ಪೈಕ್ ಶಿಖರದ ಸುತ್ತಲಿನ ಸಡಿಲ ಬಂಡೆಗಳ ರಾಶಿಯಲ್ಲಿ, ಮಳೆಯಲ್ಲಿ ನೆನೆದ ಕಲ್ಲಿನ ಮೇಲೆ ಪ್ರತಿ ಹೆಜ್ಜೆಯನ್ನೂ ಆರಿಸಿ ಇಡುವ ಕಸುಬು ಅಲ್ಲಿಗೇ ಹೋಗದೆ ದಕ್ಕುವುದಿಲ್ಲ. ವಾಸ್‌ಡೇಲ್ ಕಣಿವೆಯಿಂದ ಯೂಬ್ಯಾರೋ ಶಿಖರದ ಕಡೆಗೆ ನೇರವಾಗಿ ಏಳುವ ಏರಂತೂ, ಆ ಹೊತ್ತಿಗೆ ದಣಿದಿರುವ ಕಾಲುಗಳಿಗೆ, ಇಡೀ ರೌಂಡ್‌ನ ನಿಜವಾದ ಪರೀಕ್ಷೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಜಿನಲ್ಲಿ ದಿಕ್ಸೂಚಿ ಹಿಡಿದು ಗ್ರೇಟ್ ಕಾಲ್ವಾ ಶಿಖರದಿಂದ ಬ್ಲೆಂಕಾತ್ರಾ ಶಿಖರದ ಕಡೆಗೆ ಜವುಗು ನೆಲವನ್ನು ದಾಟುವುದು, ಓಡುತ್ತಲೇ ಹೊಟ್ಟೆ ಒಪ್ಪುವ ಆಹಾರವನ್ನು ಕಂಡುಕೊಳ್ಳುವುದು, ಇವೆರಡೂ ಎರಡನೆಯ ಕ್ರಮದಿಂದ ಮಾತ್ರ ಬಂದವು. ಅದರ ಬೆಲೆಯೂ ದೊಡ್ಡದು: ಇಡೀ ದಿನ ಹೋಗುತ್ತದೆ, ಹಿಂದಿರುಗಲು ವಾಹನದ ಏರ್ಪಾಡು ಬೇಕು, ದಣಿವು ವಾರದ ನಡುವಿನವರೆಗೂ ಉಳಿಯುತ್ತದೆ. ಟ್ರೆಡ್‌ಮಿಲ್ ಅನ್ನೂ ಬಳಸಿ ನೋಡಿದೆನಾದರೂ, ಇಳಿಯುವ ಅಭ್ಯಾಸವನ್ನೇ ಕೊಡದ ಆ ಯಂತ್ರಕ್ಕೆ ಇವೆರಡರ ಸಾಲಿನಲ್ಲಿ ಸ್ಥಾನ ಕೊಡಲಾರೆ.

ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಹಾದಿಯನ್ನೇ ಆರಿಸುತ್ತೇನೆ. ಲೇಕ್ ಡಿಸ್ಟ್ರಿಕ್ಟ್‌ನಿಂದ ದೂರ ವಾಸಿಸುವವರು ಚಳಿಗಾಲವನ್ನು ಗುಡ್ಡದ ಅಭ್ಯಾಸಕ್ಕೆ ಕೊಟ್ಟು, ವಸಂತದಲ್ಲಿ ಹಗಲು ಉದ್ದವಾದ ಮೇಲೆ ಡನ್‌ಮೇಲ್‌ನಿಂದ ಹೊನಿಸ್ಟರ್‌ವರೆಗಿನ ಮೂರನೆಯ ಮತ್ತು ನಾಲ್ಕನೆಯ ಭಾಗಗಳನ್ನಾದರೂ ಓಡಿ ನೋಡಬೇಕು.