ಆಟಕ್ಕಿರುವಷ್ಟೇ ತೂಕ ಸೇವೆಗೂ: ಡ್ಯೂಕ್ ಆಫ್ ಎಡಿನ್‌ಬರೋ ಅಂತರರಾಷ್ಟ್ರೀಯ ಪ್ರಶಸ್ತಿ ಕಾರ್ಯಕ್ರಮದ ವಿಮರ್ಶೆ

ಕ್ರೀಡೆಯಲ್ಲಿ ತೊಡಗಿರುವ ವಿದ್ಯಾರ್ಥಿಗಳನ್ನು ಸಮಾಜಸೇವೆಗೂ ಕಳುಹಿಸೋಣ ಎಂದಾಗಲೆಲ್ಲ ತರಬೇತುದಾರರು ಕೇಳುವ ಪ್ರಶ್ನೆ ಒಂದೇ: ಅವರಿಗೆ ಸಮಯವೆಲ್ಲಿದೆ? ಬೆಳಿಗ್ಗೆ ಅಭ್ಯಾಸ, ಹಗಲಿಡೀ ತರಗತಿ, ಸಂಜೆ ಮತ್ತೆ ಅಭ್ಯಾಸ, ನಡುವೆ ಪರೀಕ್ಷೆ. ದೈಹಿಕ ಶಿಕ್ಷಣ ಶಿಕ್ಷಕನಾಗಿ ನಾನೂ ಬಹಳ ವರ್ಷ ಇದೇ ಮಾತನ್ನು ಹೇಳಿಕೊಂಡು ಬಂದವನು. ನಮ್ಮ ಅಥ್ಲೆಟಿಕ್ಸ್ ತಂಡದ ಮಕ್ಕಳು ಈ ಪ್ರಶಸ್ತಿ ಕಾರ್ಯಕ್ರಮಕ್ಕೆ ಸೇರಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಮೂರು ತಂಡಗಳನ್ನು ಹತ್ತಿರದಿಂದ ನೋಡಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಕಾರ್ಯಕ್ರಮವನ್ನು 1956ರಲ್ಲಿ ‘ಡ್ಯೂಕ್ ಆಫ್ ಎಡಿನ್‌ಬರೋ’ ಎಂಬ ಬಿರುದು ಹೊಂದಿದ್ದ ಬ್ರಿಟನ್ನಿನ ರಾಜಕುಮಾರ ಫಿಲಿಪ್ ಆರಂಭಿಸಿದರು. ಅದರ ಹಿಂದಿದ್ದ ಚಿಂತನೆ ಶಿಕ್ಷಣತಜ್ಞ ಕರ್ಟ್ ಹಾನ್ ಅವರದು. 1953ರ ಎವರೆಸ್ಟ್ ಆರೋಹಣ ತಂಡದ ನಾಯಕರಾಗಿದ್ದ ಜಾನ್ ಹಂಟ್ ಇದರ ಮೊದಲ ನಿರ್ದೇಶಕರು. ಮೊದಲು ಹುಡುಗರಿಗಷ್ಟೇ ಇದ್ದ ಅವಕಾಶ 1958ರಲ್ಲಿ ಹುಡುಗಿಯರಿಗೂ ದೊರೆಯಿತು. ಈಗ ಅನೇಕ ದೇಶಗಳಲ್ಲಿ, ಕೆಲವೆಡೆ ಬೇರೆ ಹೆಸರಿನಲ್ಲಿ, 14ರಿಂದ 24 ವರ್ಷದವರಿಗೆ ಇದು ತೆರೆದಿದೆ. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿದ್ದರೂ ಇಲ್ಲಿ ಯಾರೂ ಯಾರೊಂದಿಗೂ ಸ್ಪರ್ಧಿಸುವುದಿಲ್ಲ. ತಾನೇ ಹಾಕಿಕೊಂಡ ಗುರಿಯನ್ನು ತಾನೇ ಮುಟ್ಟಬೇಕು. ಗೆಲುವು ಸೋಲಿನ ಲೆಕ್ಕದಲ್ಲೇ ಬೆಳೆದ ಮಕ್ಕಳಿಗೆ ಈ ಮಾತು ಅರ್ಥವಾಗಲು ಸ್ವಲ್ಪ ದಿನ ಹಿಡಿಯುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಇದರ ರಚನೆ. ದೈಹಿಕ ಚಟುವಟಿಕೆ, ಕೌಶಲ, ಸ್ವಯಂಸೇವೆ ಮತ್ತು ಸಾಹಸ ಪಯಣ ಎಂಬ ನಾಲ್ಕು ವಿಭಾಗಗಳಿದ್ದು, ಚಿನ್ನದ ಹಂತದಲ್ಲಿ ಮನೆಯಿಂದ ದೂರವಿದ್ದು ಮಾಡುವ ಐದು ದಿನಗಳ ಒಂದು ಯೋಜನೆಯೂ ಸೇರುತ್ತದೆ. ಮೊದಲ ಮೂರು ವಿಭಾಗಗಳಲ್ಲಿ ಪ್ರತಿಯೊಂದಕ್ಕೂ ವಾರಕ್ಕೆ ಸರಾಸರಿ ಒಂದು ಗಂಟೆಯಂತೆ ಕಂಚಿನಲ್ಲಿ ಕನಿಷ್ಠ 13 ವಾರ, ಬೆಳ್ಳಿಯಲ್ಲಿ 26 ವಾರ, ಚಿನ್ನದಲ್ಲಿ 52 ವಾರ ಮೀಸಲಿಡಬೇಕು. ಒಬ್ಬ ಹುಡುಗ ಎಷ್ಟೇ ವೇಗದ ಓಟಗಾರನಾಗಿದ್ದರೂ ಸೇವೆಯ ಭಾಗ ಖಾಲಿಯಿದ್ದರೆ ಅವನಿಗೆ ಕಂಚು ಕೂಡ ದೊರೆಯುವುದಿಲ್ಲ. ಅನೇಕ ಸಂಸ್ಥೆಗಳಲ್ಲಿ ಸೇವೆಯೆಂದರೆ ವರ್ಷಕ್ಕೊಮ್ಮೆ ಸಮವಸ್ತ್ರ ಧರಿಸಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ದಿನವಾಗಿದೆ, ಮತ್ತು ಆ ಗಿಡಕ್ಕೆ ಮರುವಾರ ನೀರು ಹಾಕಿದವರು ಯಾರೆಂದು ಯಾರೂ ಕೇಳುವುದಿಲ್ಲ. ಈ ಕಾರ್ಯಕ್ರಮ ಕೇಳುವುದು ಆ ಮರುವಾರವನ್ನು, ಅದರ ಮರುವಾರವನ್ನು. ತಾಲೀಮಿನ ಶಿಸ್ತು ಬಲ್ಲ ಮಕ್ಕಳಿಗೆ ಇದು ಹೊಸ ಪಾಠವೇ ಅಲ್ಲ. ಮಳೆ ಬಂದರೂ ಮನಸ್ಸಿಲ್ಲದಿದ್ದರೂ ಮೈದಾನಕ್ಕೆ ಹೋಗುವ ಅಭ್ಯಾಸ ಅವರಿಗೆ ಆಗಲೇ ಇರುತ್ತದೆ.

ನಮ್ಮ ತಂಡದಲ್ಲಿ 400 ಮೀಟರ್ ಓಡುವ ಹುಡುಗಿಯೊಬ್ಬಳು ತನ್ನ ಸೇವೆಯ ಗಂಟೆಯನ್ನು ದೃಷ್ಟಿಯಿಲ್ಲದ ಓಟಗಾರ್ತಿಯೊಬ್ಬರ ಅಭ್ಯಾಸಕ್ಕೆ ಕೊಟ್ಟಳು. ಇಬ್ಬರ ಕೈಗಳ ನಡುವೆ ಒಂದು ಗಿಡ್ಡ ದಾರವಿರುತ್ತದೆ. ಸ್ಪರ್ಧೆಯ ನಿಯಮದಂತೆ ಮಾರ್ಗದರ್ಶಿ ಜೊತೆಗಾರರನ್ನು ಎಳೆಯುವಂತಿಲ್ಲ, ಮುಂದಕ್ಕೆ ತಳ್ಳುವಂತಿಲ್ಲ, ಗೆರೆಯನ್ನು ಅವರಿಗಿಂತ ಮೊದಲು ದಾಟುವಂತಿಲ್ಲ. ಮೊದಲ ದಿನ ಈ ಹುಡುಗಿ ಅಭ್ಯಾಸಬಲದಿಂದ ತನ್ನ ಉದ್ದನೆಯ ಹೆಜ್ಜೆಗಳನ್ನೇ ಹಾಕಿದಳು; ದಾರ ಬಿಗಿಯಾಯಿತು, ಆ ಮಹಿಳೆ ಮುಗ್ಗರಿಸಿ ನಿಂತರು. “ಅಕ್ಕ, ನಿಮ್ಮ ಹೆಜ್ಜೆ ಎಷ್ಟಿದೆಯೋ ಅಷ್ಟೇ ಹಾಕಿ, ನಾನು ಹೊಂದಿಸಿಕೊಳ್ಳುತ್ತೇನೆ” ಎಂದು ಹೇಳಿ ಅವಳು ಮತ್ತೆ ಮೊದಲಿನಿಂದ, ಈ ಬಾರಿ ನಡಿಗೆಯಲ್ಲಿ, ಆರಂಭಿಸಿದಳು. ಇಬ್ಬರ ತೋಳುಗಳು ಒಟ್ಟಿಗೆ ಬೀಸಲು ನಾಲ್ಕು ವಾರ ಬೇಕಾಯಿತು. ತಿರುವು ಬರುವ ಮುನ್ನ “ಮೂರು, ಎರಡು, ಒಂದು, ಎಡಕ್ಕೆ” ಎಂದು ಹೇಳಬೇಕಾದ್ದರಿಂದ ಓಡುತ್ತಲೇ ಮಾತನಾಡುವಷ್ಟು ಉಸಿರನ್ನು ಉಳಿಸಿಕೊಳ್ಳುವುದನ್ನೂ ಅವಳು ಕಲಿತಳು. ತನ್ನ ಸಮಯದ ಬಗ್ಗೆ ಮಾತ್ರ ಯೋಚಿಸುತ್ತಿದ್ದ ಹುಡುಗಿ ಇನ್ನೊಬ್ಬರ ಉಸಿರಿಗೆ ಕಿವಿಗೊಟ್ಟು ಓಡುವುದನ್ನು ನಾನು ಗೆರೆಯ ಬಳಿ ನಿಂತು ನೋಡಿದ್ದೇನೆ. ಶಿಕ್ಷಕನಾಗಿ ಅಷ್ಟು ಸಂತೋಷ ನನಗೆ ಪದಕಗಳಿಂದಲೂ ಸಿಕ್ಕಿಲ್ಲ.

ಕಿರಿಯರಿಗೆ ಆಟ ಕಲಿಸುವುದನ್ನೂ ಸೇವೆಯಾಗಿ ಪರಿಗಣಿಸುತ್ತಾರೆ, ಸಂಭಾವನೆ ಪಡೆಯಬಾರದು ಅಷ್ಟೇ. ಆದರೆ ಒಂದೇ ಗಂಟೆಯನ್ನು ದೈಹಿಕ ಚಟುವಟಿಕೆಗೂ ಸೇವೆಗೂ ಲೆಕ್ಕ ಹಿಡಿಯುವಂತಿಲ್ಲ. ಈ ನಿಯಮ ಸರಿಯಾಗಿದೆ, ಇಲ್ಲವಾದರೆ ಮಕ್ಕಳು ತಮ್ಮ ಅಭ್ಯಾಸದ ಅವಧಿಗೇ ಸೇವೆಯ ಹೆಸರಿಟ್ಟು ಬಿಡುತ್ತಿದ್ದರು.

ಕೊರತೆಗಳೂ ಇವೆ. ಕಂಚಿನ 13 ವಾರ ಬಹಳ ಚಿಕ್ಕದು. ವೃದ್ಧಾಶ್ರಮದ ಹಿರಿಯರೊಬ್ಬರು ಹುಡುಗನ ಹೆಸರನ್ನು ನೆನಪಿಟ್ಟುಕೊಳ್ಳುವ ಹೊತ್ತಿಗೆ ಅವನ ಅವಧಿ ಮುಗಿದಿರುತ್ತದೆ. ಮಕ್ಕಳನ್ನು ಸ್ವೀಕರಿಸುವ ಸ್ಥಳ ಹೇಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾವು ಮೊದಲ ವರ್ಷ ಆರಿಸಿಕೊಂಡ ಒಂದು ಸಂಸ್ಥೆ ಅವರಿಂದ ಕುರ್ಚಿ ಜೋಡಿಸುವ ಕೆಲಸವನ್ನಷ್ಟೇ ಮಾಡಿಸಿತು, ಯಾರೊಂದಿಗೂ ಮಾತನಾಡುವ ಅವಕಾಶವನ್ನೇ ಕೊಡಲಿಲ್ಲ. ಐದನೆಯ ವಾರಕ್ಕೆ ಮಕ್ಕಳು ಕಾಟಾಚಾರಕ್ಕೆ ಹೋಗತೊಡಗಿದರು. ತಪ್ಪು ನನ್ನದೂ ಹೌದು, ಮೊದಲೇ ಹೋಗಿ ನೋಡಬೇಕಿತ್ತು. ದಾಖಲೆಯನ್ನು ಆನ್‌ಲೈನ್‌ನಲ್ಲಿ ತುಂಬುವ ವ್ಯವಸ್ಥೆ ಚೆನ್ನಾಗಿದ್ದರೂ ಪ್ರತಿ ವಿಭಾಗಕ್ಕೂ ಮೌಲ್ಯಮಾಪಕರ ವರದಿ ಬೇಕಾಗುವುದರಿಂದ, ಕೆಲಸದ ಒತ್ತಡದಲ್ಲಿರುವ ಹಿರಿಯರಿಂದ ನಾಲ್ಕು ಸಾಲು ಬರೆಸಿಕೊಳ್ಳಲು ಮಕ್ಕಳು ಹಲವು ಸಲ ಅಲೆದಾಡಬೇಕಾಗುತ್ತದೆ.

ಆದರೂ ವಿದ್ಯಾರ್ಥಿ ಕ್ರೀಡಾಪಟುಗಳಿಗೆ ನಾನು ಇದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಕಂಚಿನ ಹಂತದಲ್ಲಿ ಮೂರು ವಿಭಾಗಗಳ ಪೈಕಿ ಒಂದನ್ನು ಆರಿಸಿಕೊಂಡು ಇನ್ನೂ 13 ವಾರ ಮುಂದುವರಿಸಬೇಕೆಂಬ ನಿಯಮವಿದೆ. ಕ್ರೀಡಾಪಟುಗಳು ಸಹಜವಾಗಿಯೇ ದೈಹಿಕ ಚಟುವಟಿಕೆಯನ್ನು ಆರಿಸುತ್ತಾರೆ, ಏಕೆಂದರೆ ಅದನ್ನು ಅವರು ಹೇಗೂ ಮಾಡುತ್ತಿರುತ್ತಾರೆ. ಆ ಹೆಚ್ಚುವರಿ ವಾರಗಳನ್ನು ಸೇವೆಗೇ ಕೊಡಿಸಿ. ಮೇಲೆ ಹೇಳಿದ ಚಿಕ್ಕ ಅವಧಿಯ ಕೊರತೆ ಅಲ್ಲಿಗೆ ಬಹುಮಟ್ಟಿಗೆ ನೀಗುತ್ತದೆ. ಸ್ಪರ್ಧೆಗಳ ಋತು ಮುಗಿದ ಕೂಡಲೇ ಆರಂಭಿಸಿದರೆ ಮುಂದಿನ ಋತು ಬರುವಷ್ಟರಲ್ಲಿ ಆ ಗಂಟೆ ಅವರ ವಾರದಲ್ಲಿ ನೆಲೆಯೂರಿರುತ್ತದೆ. ತರಬೇತುದಾರರು ತಮ್ಮ ವೇಳಾಪಟ್ಟಿಯಲ್ಲೇ ಆ ಒಂದು ಗಂಟೆಯನ್ನು ಬರೆದಿಟ್ಟು, ದೊಡ್ಡ ಕೂಟ ಹತ್ತಿರ ಬಂದಾಗಲೂ ಅದನ್ನು ಅಭ್ಯಾಸಕ್ಕೆ ಕಿತ್ತುಕೊಳ್ಳದಿರಬೇಕು. ನಾನು ಮೊದಲ ವರ್ಷ ಎರಡು ಸಲ ಕಿತ್ತುಕೊಂಡಿದ್ದೆ, ಆ ಎರಡೂ ವಾರ ದಾರ ಹಿಡಿಯುವವರಿಲ್ಲದೆ ಆ ಓಟಗಾರ್ತಿ ಮೈದಾನದ ಬದಿಯಲ್ಲಿ ಕುಳಿತು ಮನೆಗೆ ಮರಳಿದ್ದರು.