ಗುದನಾಳದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಮಂಗಳೂರಿನ ಒಂದು ಆಸ್ಪತ್ರೆಯ ಸೇವೆಯ ಕುರಿತು

ಬೆಳ್ತಂಗಡಿಯ ಕಡೆ ಅಡಿಕೆ ತೋಟ ನೋಡಿಕೊಂಡಿರುವ ನನ್ನ ದೊಡ್ಡಪ್ಪನವರಿಗೆ ಗುದನಾಳದ ಕ್ಯಾನ್ಸರ್ ಇರುವುದು ಪತ್ತೆಯಾದ ಮೇಲೆ, ಮಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಜೀರ್ಣಾಂಗ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ಅಲ್ಲಿ ಶಸ್ತ್ರಚಿಕಿತ್ಸೆಯ ಗುಣಮಟ್ಟ ಬಹಳ ಮೇಲಿನದು. ರೋಗಿ ಮನೆಗೆ ಮರಳಿದ ನಂತರದ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕಂತಿಲ್ಲ.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತಿಳಿದು ಕಷಾಯ ಕುಡಿಯುತ್ತ ತಿಂಗಳುಗಳನ್ನು ಕಳೆಯುವುದು ನಮ್ಮ ಊರುಗಳಲ್ಲಿ ಸಾಮಾನ್ಯ, ದೊಡ್ಡಪ್ಪನವರೂ ಹಾಗೆಯೇ ಮಾಡಿದ್ದರು. ಕೊಲೊನೋಸ್ಕೋಪಿ, ಬಯಾಪ್ಸಿ, ಸಿ.ಟಿ. ಮತ್ತು ಸೊಂಟದ ಎಂ.ಆರ್.ಐ. ಮುಗಿದ ಮೇಲೂ ಸರ್ಜನ್ ಆಪರೇಷನ್ನಿಗೆ ಅವಸರ ಮಾಡಲಿಲ್ಲ. ರೇಡಿಯೇಷನ್ ಮತ್ತು ಕೀಮೊಥೆರಪಿಯ ತಜ್ಞರು, ರೇಡಿಯಾಲಜಿ ಮತ್ತು ಪೆಥಾಲಜಿಯವರು ಒಟ್ಟಿಗೆ ಕುಳಿತು ಚರ್ಚಿಸುವ ಟ್ಯೂಮರ್ ಬೋರ್ಡಿನಲ್ಲಿ, ಮೊದಲು ಐದು ವಾರಗಳ ರೇಡಿಯೇಷನ್ ಹಾಗೂ ಜೊತೆಗೆ ಕೀಮೊ ಮಾತ್ರೆ ಕೊಟ್ಟು, ಗೆಡ್ಡೆ ಕುಗ್ಗಿದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡುವುದೆಂದು ತೀರ್ಮಾನವಾಯಿತು. ಕೆಲವರಲ್ಲಿ ಈ ಹಂತದಲ್ಲೇ ಗೆಡ್ಡೆ ಪೂರ್ಣವಾಗಿ ಮಾಯವಾಗುವುದುಂಟು. ಅಂಥವರನ್ನು ಶಸ್ತ್ರಚಿಕಿತ್ಸೆಯಿಲ್ಲದೆ ನಿಕಟವಾಗಿ ಗಮನಿಸುತ್ತ ಹೋಗುವ ಕ್ರಮವನ್ನು ಬ್ರೆಜಿಲ್‌ನ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಅವರ ತಂಡ ತೋರಿಸಿಕೊಟ್ಟಿದೆ. ದೊಡ್ಡಪ್ಪನವರಿಗೆ ಆ ಭಾಗ್ಯ ಒದಗಲಿಲ್ಲ, ಆದರೆ ಗೆಡ್ಡೆ ಕುಗ್ಗಿದ್ದರಿಂದ ಮಲವನ್ನು ತಡೆಹಿಡಿಯುವ ಸ್ನಾಯುವನ್ನು ಉಳಿಸಿಕೊಳ್ಳುವುದು ಸಾಧ್ಯವಾಯಿತು.

ಶಸ್ತ್ರಚಿಕಿತ್ಸೆಯ ತಿರುಳನ್ನು ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಗುದನಾಳದ ಸುತ್ತ ಕೊಬ್ಬಿನ ಒಂದು ಹೊದಿಕೆಯಿದ್ದು, ರೋಗ ಮೊದಲು ಹರಡುವ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಅದರೊಳಗಿರುತ್ತವೆ. ಹೊದಿಕೆಯನ್ನು ಹರಿಯದೆ, ಇಡಿಯಾಗಿ, ಅದರ ಹೊರಗಿನ ಸಹಜ ಪದರವನ್ನೇ ಹಿಡಿದು ಬಿಡಿಸಿ ತೆಗೆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದ ಈ ವಿಧಾನವೇ ಇಂದಿಗೂ ಅಡಿಪಾಯ. ಇಲ್ಲಿ ಅದನ್ನು ಲ್ಯಾಪರೊಸ್ಕೋಪಿಯ ಮೂಲಕ, ಅಂದರೆ ಹೊಟ್ಟೆಯ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗಿಳಿಸಿ ಮಾಡಿದರು. ಕರುಳಿನ ಎರಡು ತುದಿಗಳನ್ನು ಜೋಡಿಸುವ ಮೊದಲು ರಕ್ತನಾಳಕ್ಕೆ ಇಂಡೋಸಯನೈನ್ ಗ್ರೀನ್ ಎಂಬ ಬಣ್ಣವನ್ನು ಕೊಟ್ಟು, ವಿಶೇಷ ಕ್ಯಾಮೆರಾದಲ್ಲಿ ಆ ತುದಿಗಳಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಪರೀಕ್ಷಿಸಿದರು.

ಶಸ್ತ್ರಚಿಕಿತ್ಸೆಗೆ ರೋಬೋಟ್‌ನ ನೆರವು ಬೇಕೇ ಎಂಬ ಪ್ರಶ್ನೆಯೂ ಬಂದಿತ್ತು, ಅದಕ್ಕೆ ಹೆಚ್ಚುವರಿ ಖರ್ಚೂ ಇತ್ತು. ರೋಬೋಟ್ ಮತ್ತು ಲ್ಯಾಪರೊಸ್ಕೋಪಿಯನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ರೋಲಾರ್ ಅಧ್ಯಯನದಲ್ಲಿ ರೋಬೋಟ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ, ಚೀನಾದ ನಂತರದ ಅಧ್ಯಯನವೊಂದು ಅದರ ಪರವಾಗಿದೆ, ತಮ್ಮ ಕೈ ಲ್ಯಾಪರೊಸ್ಕೋಪಿಯಲ್ಲಿ ಹೆಚ್ಚು ಪಳಗಿದೆ ಎಂದು ಸರ್ಜನ್ ಎರಡೂ ಬದಿಯನ್ನು ನಮ್ಮ ಮುಂದಿಟ್ಟರು. ಈ ಪ್ರಾಮಾಣಿಕತೆಗಾಗಿಯೇ ನಾನು ಈ ವಿಭಾಗವನ್ನು ಇತರರಿಗೆ ಧೈರ್ಯವಾಗಿ ಸೂಚಿಸುತ್ತೇನೆ.

ಜೋಡಣೆ ಮಾಯುವವರೆಗೆ ಸಣ್ಣ ಕರುಳನ್ನು ತಾತ್ಕಾಲಿಕವಾಗಿ ಹೊಟ್ಟೆಯ ಮೇಲೆ ತೆರೆದು, ಮಲ ಸೇರಲು ಚೀಲ ಕಟ್ಟಲಾಗುತ್ತದೆ. ಈ ತೆರಪಿಗೆ ಸ್ಟೋಮಾ ಎನ್ನುತ್ತಾರೆ. ಆಪರೇಷನ್ನಿನ ಹಿಂದಿನ ದಿನವೇ ಸ್ಟೋಮಾ ನರ್ಸ್ ಬಂದು, ದೊಡ್ಡಪ್ಪನವರನ್ನು ಅವರ ಎಂದಿನ ಮುಂಡು ಉಡಿಸಿ, ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಮುಂಡಿನ ಕಟ್ಟಿಗೆ ತಾಗದ ಜಾಗವನ್ನು ಪೆನ್ನಿನಿಂದ ಗುರುತಿಸಿದರು. ಇಷ್ಟು ಸೂಕ್ಷ್ಮವಾಗಿ ಯೋಚಿಸುವವರು ಇದ್ದಾರೆಂದು ಕಂಡು ನನಗೆ ನಿಜಕ್ಕೂ ಸಮಾಧಾನವಾಯಿತು. ಮರುದಿನವೇ ಎಬ್ಬಿಸಿ ನಡೆಸಿದ್ದು, ಬೇಗನೆ ಗಂಜಿ ಕೊಟ್ಟದ್ದು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮಕ್ಕೆ ಅನುಗುಣವಾಗಿತ್ತು.

ಕೊರತೆ ಇರುವುದು ಇದರ ನಂತರ. ಡಿಸ್ಚಾರ್ಜ್ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಚೀಲವನ್ನು ನಿಭಾಯಿಸಬೇಕಾದ ದೊಡ್ಡಮ್ಮನಿಗೆ ಓದಲು ಕನ್ನಡದಲ್ಲಿ ಒಂದು ಹಾಳೆಯೂ ಇರಲಿಲ್ಲ. ಸ್ಟೋಮಾ ಚೀಲ ತಾಲೂಕಿನ ಮೆಡಿಕಲ್‌ಗಳಲ್ಲಿ ಸಿಗದೆ ಪ್ರತಿ ಸಲ ಮಂಗಳೂರಿನಿಂದಲೇ ತರಿಸಬೇಕಾಯಿತು, ಆ ಖರ್ಚು ಮೊದಲು ಕೊಟ್ಟ ಅಂದಾಜಿನಲ್ಲಿ ಇರಲೂ ಇಲ್ಲ. ಕರಾವಳಿಯ ಸೆಕೆಯಲ್ಲಿ ಚೀಲದಿಂದ ನೀರು ಮತ್ತು ಉಪ್ಪು ಹೆಚ್ಚು ಹೋಗಿ ಅವರು ನಿತ್ರಾಣರಾದಾಗ, ಅದು ಭಾನುವಾರವಾದ್ದರಿಂದ ಆಸ್ಪತ್ರೆ ಕೊಟ್ಟಿದ್ದ ನಂಬರಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಬೊಂಡವನ್ನೋ (ಎಳನೀರು) ಬರೀ ನೀರನ್ನೋ ಕುಡಿಸುತ್ತ ಹೋದರೆ ಸಾಲದು, ಉಪ್ಪು-ಸಕ್ಕರೆ ಬೆರೆತ ಓ.ಆರ್.ಎಸ್. ದ್ರಾವಣ ಬೇಕು ಎಂಬುದನ್ನು ಮನೆಯವರಿಗೆ ಮೊದಲೇ ಸ್ಪಷ್ಟವಾಗಿ ಹೇಳಬೇಕಿತ್ತು. ಒಬ್ಬರೇ ಸ್ಟೋಮಾ ನರ್ಸ್‌ನಿಂದ ಇಷ್ಟು ದೊಡ್ಡ ವಿಭಾಗ ನಡೆಯುವುದಿಲ್ಲ.

ತೆಗೆದ ಭಾಗವನ್ನು ಪರೀಕ್ಷಿಸಿ ಕೊಡುವ ಪೆಥಾಲಜಿ ವರದಿ ಮಾತ್ರ ಮಾದರಿಯಾಗಿತ್ತು. ತೆಗೆದ ಹೊದಿಕೆ ಇಡಿಯಾಗಿದೆಯೇ, ಸುತ್ತಲಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ, ಎಷ್ಟು ಗ್ರಂಥಿಗಳನ್ನು ಪರೀಕ್ಷಿಸಿದ್ದಾರೆ ಎಂಬ ಮೂರನ್ನೂ ಅದು ಬಿಡಿಸಿ ಹೇಳಿತ್ತು. ಯಾವ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿದರೂ ವರದಿಯಲ್ಲಿ ಇವನ್ನು ಹುಡುಕಿ ಓದಿ, ಕಾಣದಿದ್ದರೆ ಕೇಳಿ ಪಡೆಯಿರಿ. ಹೊಟ್ಟೆಯ ತೆರಪನ್ನು ಮುಚ್ಚಿ ಚೀಲ ತೆಗೆದ ಮೇಲೂ ಕೆಲವು ಕಾಲ ಪದೇಪದೇ ಶೌಚಕ್ಕೆ ಹೋಗಬೇಕಾಗುತ್ತದೆ ಎಂದು ಸರ್ಜನ್ ಮುಂಚೆಯೇ ಎಚ್ಚರಿಸಿದ್ದರಿಂದ ದೊಡ್ಡಪ್ಪನವರು ಈಗ ಅದಕ್ಕೆ ಗಾಬರಿಪಡದೆ, ಬೆಳಗ್ಗಿನ ಹೊತ್ತನ್ನು ಮನೆಯಲ್ಲೇ ಕಳೆದು ಮಧ್ಯಾಹ್ನದ ಮೇಲೆ ತೋಟಕ್ಕೆ ಹೋಗುತ್ತಾರೆ.